ಗೃಹಕೃತ್ಯ ವಿಚಾರ: ಅಂಗಳದ ಪಾಚಿಯೂ ಒತ್ತಡದ ನೀರೂ

ಮಳೆಗಾಲವು ಹಿಂದೆಗೆಯುವ ಹೊತ್ತಿಗೆ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಅಂಗಳವೇ ವೈರಿಯಾಗಿ ಪರಿಣಮಿಸುವುದನ್ನು ವಾಚಕರು ಬಲ್ಲರು. ಬಚ್ಚಲ ಹಿಂದಣ ಹಾದಿ, ಬಾವಿಕಟ್ಟೆ, ತುಳಸಿಯ ಸುತ್ತಣ ಕಲ್ಲುಹಾಸು ಇವೆಲ್ಲವೂ ಹಾವಸೆ ಕಟ್ಟಿ ಎಣ್ಣೆ ಸವರಿದಂತಾಗಿರುತ್ತವೆ. ಎಪ್ಪತ್ತು ದಾಟಿದವರು ಅಲ್ಲಿ ಒಮ್ಮೆ ಜಾರಿ ತೊಡೆಯ ಮೂಳೆಯನ್ನು ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆದಾಡುವುದು ದುರ್ಲಭ. ಹಿಂದಿನವರು ಅಡಕೆಯ ದಬ್ಬೆಗಳನ್ನು ಹಾಸಿ ಅದರ ಮೇಲೆ ನಡೆಯುತ್ತಿದ್ದರು. ಉಳಿದುದನ್ನು ಹೆಂಗಸರು ಕುಕ್ಕುರುಗಾಲಿನಲ್ಲಿ ಕುಳಿತು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. “ಪೊರಕೆಯಿರುವಾಗ ಯಂತ್ರವೇತಕ್ಕೆ?” ಎಂದು ಕೇಳುವ ಮಹನೀಯರು ಸಾಮಾನ್ಯವಾಗಿ ಪೊರಕೆಯನ್ನು ಹಿಡಿದವರಲ್ಲವೆಂಬುದು ನಮ್ಮ ಅನುಭವ.

ಆದುದರಿಂದ ಪೇಟೆಯಲ್ಲಿ ಪ್ರೆಷರ್ ವಾಷರ್ ಎಂಬ ಹೆಸರಿನಿಂದ ದೊರೆಯುವ ಯಂತ್ರವನ್ನು ಕುರಿತು ಈ ಸಲ ನಾಲ್ಕು ಮಾತುಗಳನ್ನು ಬರೆಯುತ್ತೇವೆ. ಮಹಡಿಯ ಮೇಲಣ ಟ್ಯಾಂಕಿಯಿಂದ ನಲ್ಲಿಗೆ ಇಳಿಯುವ ನೀರಿನ ಒತ್ತಡವು ಸಾಮಾನ್ಯವಾಗಿ 1 ಬಾರ್‌ಗಿಂತ ಕಡಿಮೆ. 10 ಮೀಟರು ಎತ್ತರದ ನೀರು ಸುಮಾರು 1 ಬಾರ್ ಎಂಬುದು ಲೆಕ್ಕ. ಮನೆಬಳಕೆಯ ಯಂತ್ರವು ಅದೇ ನೀರನ್ನು 100ರಿಂದ 130 ಬಾರ್‌ವರೆಗೆ ಒತ್ತಿ ಸಾಸಿವೆಕಾಳಿನಷ್ಟು ರಂಧ್ರದಿಂದ ಹೊರಕ್ಕೆ ಬಿಡುತ್ತದೆ. 1,343 ಮೀಟರು ಎತ್ತರದ ಕೊಡಚಾದ್ರಿಯ ತುದಿಯಲ್ಲಿ ಟ್ಯಾಂಕಿಯನ್ನಿಟ್ಟು ಕಡಲತೀರದಲ್ಲಿ ನಲ್ಲಿಯನ್ನು ತಿರುಗಿಸಿದರೆ ಎಷ್ಟು ಒತ್ತಡ ಬರುವುದೋ ಹೆಚ್ಚುಕಡಮೆ ಅಷ್ಟೇ ಇದು. ಈ ಚಿತ್ರವು ಮನಸ್ಸಿನಲ್ಲಿದ್ದರೆ ಮುಂದಿನ ಎಚ್ಚರಿಕೆಗಳು ತಾವಾಗಿ ಹೊಳೆಯುವುವು. ಜರ್ಮನಿಯ ಆಲ್ಫ್ರೆಡ್ ಕೆರ್ಷರ್ ಎಂಬವರು 1950ರಲ್ಲಿ ಬಿಸಿನೀರಿನಿಂದ ನಡೆಯುವ ಇಂಥ ಯಂತ್ರವನ್ನು ನಿರ್ಮಿಸಿದರು; ಅವರ ಸಂಸ್ಥೆಯಿಂದ ಮನೆಮಂದಿ ಎತ್ತಿಕೊಂಡು ಹೋಗಬಹುದಾದ ಚಿಕ್ಕ ಯಂತ್ರವು ಹೊರಟದ್ದು 1984ರಲ್ಲಿ.

ಸಂಸ್ಕೃತದಲ್ಲಿ ಗುಡಿಸುವುದಕ್ಕೆ ಸಮ್ಮಾರ್ಜನವೆಂದೂ ತೊಳೆಯುವುದಕ್ಕೆ ಪ್ರಕ್ಷಾಲನವೆಂದೂ ಚಿಮುಕಿಸುವುದಕ್ಕೆ ಪ್ರೋಕ್ಷಣವೆಂದೂ ಗಿಡಕ್ಕೆ ನೀರುಣಿಸುವುದಕ್ಕೆ ಸೇಚನವೆಂದೂ ಬೇರೆ ಬೇರೆ ಮಾತುಗಳುಂಟು. ಯಂತ್ರವು ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ಒಣ ಎಲೆಗಳನ್ನು ನೀರಿನಿಂದ ಅಟ್ಟುವುದು ಶುದ್ಧ ದುಂದು. ದಾಸವಾಳದ ಬಿಳಿ ಹಿಟ್ಟುತಿಗಣೆಯನ್ನು ಹೊಡೆಯಲು ಇದನ್ನು ತಿರುಗಿಸಿದರೆ ತಿಗಣೆಯೊಡನೆ ಎಲೆಯೂ ಎಳೆಯ ತೊಗಟೆಯೂ ಕಿತ್ತುಹೋಗುತ್ತವೆ. ಅದಕ್ಕೆ ಸಾಧಾರಣ ರಬ್ಬರು ಕೊಳವೆಯ ನೀರೇ ಸಾಕು. ತೋಟದಲ್ಲಿ ಇದರ ಯೋಗ್ಯವಾದ ಕೆಲಸವೆಂದರೆ ಬರಿದಾದ ಕುಂಡಗಳು, ಮಣ್ಣು ಮೆತ್ತಿದ ಗುದ್ದಲಿ ಪಿಕಾಸಿಗಳು, ಕೈಗಾಡಿ, ಗೊಬ್ಬರದ ತೊಟ್ಟಿ ಇವುಗಳನ್ನು ತೊಳೆಯುವುದು. ಮನೆಯಲ್ಲಿ ಕಬ್ಬಿಣದ ಗೇಟು, ನಾರಿನ ಕಾಲೊರಸು, ಮೋರಿ, ಕರಿಗಲ್ಲಿನ ಹಾಗೂ ಸಿಮೆಂಟಿನ ನೆಲ, ಇಷ್ಟು.

ಮುರಕಲ್ಲಿನ ವಿಷಯದಲ್ಲಿ ಜಾಗ್ರತೆ ಬೇಕು. ಅದರ ಮೃದುವಾದ ಭಾಗಗಳು ಈ ಧಾರೆಗೆ ಉದುರಿ ಗುಳಿಬೀಳುತ್ತವೆ. ಸುಣ್ಣದ ಗಾರೆ, ಮಣ್ಣಿನ ಗೋಡೆ, ಹಳೆಯ ಮರದ ಕಂಬಗಳ ಹತ್ತಿರಕ್ಕೂ ಒಯ್ಯತಕ್ಕದ್ದಲ್ಲ. ಮಂಗಳೂರು ಹೆಂಚಿನ ಮಾಡನ್ನು ಕೆಳಗೆ ನಿಂತು ತೊಳೆಯುವವರನ್ನು ನಾವು ಕಂಡಿದ್ದೇವೆ. ಹೆಂಚುಗಳು ಮೇಲಿನಿಂದ ಇಳಿಯುವ ಮಳೆಗೆ ಒಂದರ ಮೇಲೊಂದು ಹೊಂದಿಕೊಂಡಿವೆಯೇ ಹೊರತು ಕೆಳಗಿನಿಂದೇರುವ ನೀರಿಗಲ್ಲ. ಧಾರೆಯು ಸಂದಿನೊಳಗೆ ನುಗ್ಗಿ ಅಟ್ಟವನ್ನು ತೋಯಿಸುತ್ತದೆ. ಹೆಂಚುಗಳನ್ನು ಇಳಿಸಿ ಮತ್ತೆ ಹೊದಿಸುವ ವರ್ಷ ನೆಲದ ಮೇಲಿಟ್ಟು ಹದವಾಗಿ ತೊಳೆಯಬಹುದು. ಇನ್ನು ಹಿತ್ತಿಲಲ್ಲೋ ದೇವಸ್ಥಾನದ ಬಳಿಯಲ್ಲೋ ವೀರಗಲ್ಲು, ಶಾಸನದ ಕಲ್ಲುಗಳಿದ್ದರೆ ಅವುಗಳ ಮೇಲೆ ಇದನ್ನು ಪ್ರಯೋಗಿಸುವುದು ಅನ್ಯಾಯವೆಂದೇ ನಮ್ಮ ಮತ. ಬಳಪದ ಕಲ್ಲಿನಲ್ಲಿ ಕೊರೆದ ಅಕ್ಷರವು ಸವೆದರೆ ಪುನಃ ಬರೆಯುವವರಾರು?

ನೀರಿನ ವೆಚ್ಚವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಬರುತ್ತವೆ. ಯಂತ್ರವು ನಿಮಿಷಕ್ಕೆ ಸುಮಾರು 6 ಲೀಟರು ಬಳಸುತ್ತದೆ. ತೆರೆದ ಕೊಳವೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಹರಿದುಹೋಗುವುದುಂಟು. ಆದರೆ ನೀರಿನಾಟದ ಹುರುಪಿನಲ್ಲಿ ಒಂದು ಗಂಟೆ ನಿಂತರೆ 360 ಲೀಟರು ಆಯಿತಷ್ಟೆ. 2024ರ ಮಾರ್ಚ್ ತಿಂಗಳ ಬರದಲ್ಲಿ ಬೆಂಗಳೂರಿನ ಜಲಮಂಡಳಿಯವರು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ವಿಧಿಸಿದ್ದನ್ನು ನಗರದ ವಾಚಕರು ಮರೆತಿರಲಾರರು. ಮಳೆನೀರನ್ನು ಹಿಡಿದಿಟ್ಟವರು ಅದನ್ನೇ ಸೋಸಿ ಬಳಸಲಿ. ಕೊಳವೆಬಾವಿಯ ಮರಳು ಒಳಹೊಕ್ಕರೆ ಪಂಪು ಸವೆಯುವುದರಿಂದ ಒಳಬಾಯಿಯ ಜಾಲರಿಯನ್ನು ಪ್ರತಿಸಲವೂ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮನುಷ್ಯನ ಮೈ. ಮಕ್ಕಳ ಕೈಗೆ ಇದನ್ನು ಸರ್ವಥಾ ಕೊಡತಕ್ಕದ್ದಲ್ಲ. ಹಸು ನಾಯಿಗಳನ್ನು ತೊಳೆಯತಕ್ಕದ್ದಲ್ಲ. ಕೆಸರು ಮೆತ್ತಿದ ಸ್ವಂತ ಕಾಲಿಗೂ ಹಿಡಿಯತಕ್ಕದ್ದಲ್ಲ. ಸಮೀಪದಿಂದ ತಗುಲಿದ ಧಾರೆಯು ಚರ್ಮವನ್ನು ತೂರಿ ಕೊಳೆಯೊಡನೆ ಒಳಗೆ ಹಬ್ಬುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಅಲ್ಪವಾಗಿರಬಹುದು. ಅರಸಿನ ಹಚ್ಚಿ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಚರ್ಮದೊಳಗೆ ಹೊಕ್ಕಿತೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು.

ವಿದ್ಯುತ್ತೂ ನೀರೂ ಒಂದೆಡೆ ಕೂಡುವುದರಿಂದ ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟೂ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚೂ ಇದ್ದೇ ತೀರಬೇಕು. ಮಳೆ ಬೀಳುತ್ತಿರುವಾಗ ಕೆಲಸ ಬೇಡ. ರಬ್ಬರಿನ ಬೂಟು, ಕಣ್ಣಿಗೆ ಕನ್ನಡಕ ಧರಿಸುವುದು ಒಳ್ಳೆಯದು. ಸಂಪನ್ನು ತೊಳೆಯುವಾಗ ಯಂತ್ರವನ್ನು ಒಳಕ್ಕಿಳಿಸಲೇಬಾರದು. ಪೆಟ್ರೋಲಿನ ಯಂತ್ರವಾದರೆ ಅದರ ಹೊಗೆಯಲ್ಲಿರುವ ವಿಷವಾಯುವು ಮುಚ್ಚಿದ ಜಾಗದಲ್ಲಿ ಪ್ರಾಣವನ್ನೇ ತೆಗೆಯುತ್ತದೆ.

ಕೆಲಸದ ಕ್ರಮವು ಸುಲಭ. ಮೊದಲು ನಲ್ಲಿಯನ್ನು ತಿರುಗಿಸಿ, ಗನ್ನಿನ ಕುದುರೆಯನ್ನು ಒತ್ತಿ ಒಳಗಿನ ಗಾಳಿಯೆಲ್ಲ ಹೊರಟು ನೀರು ಎಡೆಬಿಡದೆ ಬಂದ ಮೇಲೆಯೇ ಸ್ವಿಚ್ಚನ್ನು ಹಾಕಬೇಕು. ನೀರಿಲ್ಲದೆ ಓಡಿದ ಪಂಪು ಬಹುಬೇಗನೆ ಕೆಡುತ್ತದೆ. ಅಗಲವಾದ ಧಾರೆಯಿಂದ ಒಂದು ಮೊಳಕ್ಕೂ ಮಿಗಿಲಾದ ದೂರದಲ್ಲಿ, ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷಿಸಿ ಮುಂದುವರಿಯತಕ್ಕದ್ದು. ಬಣ್ಣದ ನಾಜಲುಗಳಿದ್ದರೆ ಬಿಳಿಯದು ಅಗಲ, ಕೆಂಪಿನದು ಸೂಜಿಯಂತೆ ನೇರ. ಕೆಂಪಿನದನ್ನು ಪೆಟ್ಟಿಗೆಯಲ್ಲಿಯೇ ಬಿಡುವುದು ಕ್ಷೇಮ. ಕಲ್ಲುಗಳ ಸಂದಿನ ಮರಳು ಕೊಚ್ಚಿಹೋಗಿದ್ದರೆ ಒಣಗಿದ ಮೇಲೆ ಹೊಸ ಮರಳನ್ನು ತುಂಬಿರಿ. ಮುಗಿದ ಬಳಿಕ ಸ್ವಿಚ್ಚನ್ನೂ ನಲ್ಲಿಯನ್ನೂ ನಿಲ್ಲಿಸಿ, ಕುದುರೆಯನ್ನು ಮತ್ತೊಮ್ಮೆ ಒತ್ತಿ ಉಳಿದ ಒತ್ತಡವನ್ನು ಬಿಟ್ಟು, ಅನಂತರ ಕೊಳವೆಯನ್ನು ಕಳಚತಕ್ಕದ್ದು.

ವರ್ಷಕ್ಕೆ ನಾಲ್ಕೈದು ದಿನ ಬೇಕಾಗುವ ಈ ಪದಾರ್ಥವನ್ನು ಮನೆಗೊಂದರಂತೆ ಕೊಳ್ಳಬೇಕಾದುದಿಲ್ಲ. ನೆರೆಯ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡು, ವೃದ್ಧರಿರುವ ಮನೆಯ ಅಂಗಳಕ್ಕೆ ಮೊದಲ ಸರದಿಯನ್ನು ಕೊಟ್ಟುಕೊಳ್ಳಬಹುದು.