ತೇಪೆಯ ಬಣ್ಣ ಮತ್ತು ಶೇಕಡಾ ಲೆಕ್ಕ

ಆರು ತಿಂಗಳ ಹಿಂದೆ ನನ್ನ ಬಾಯಲ್ಲಿ ಕಸಿ ಮಾಡಿದರು. ಊರಲ್ಲಿ ಮಾವಿನ ಗಿಡಕ್ಕೆ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಕಥೆ. ಕೆಳಸಾಲಿನ ಮುಂದಿನ ಹಲ್ಲೊಂದರ ವಸಡು ಇಳಿದು ಬೇರು ಕಾಣಿಸ್ತಿತ್ತು, ತಣ್ಣೀರು ತಾಗಿದರೆ ಜುಮ್ಮನ್ನೋದು. ಅಂಗುಳಿನಿಂದ ತೆಳ್ಳಗೆ ಒಂದು ಚೂರು ತೆಗೆದು ಅಲ್ಲಿಗೆ ಹೊಲಿದರು. ಎರಡು ವಾರ ಗಂಜಿ, ಮೊಸರನ್ನ, ಮತ್ತೆ ಗಂಜಿ. ಈಗ ವಸಡು ಗಟ್ಟಿಯಾಗಿದೆ, ಜುಮ್ಮನ್ನೋದೂ ಕಮ್ಮಿಯಾಗಿದೆ. ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬೈಯೋದಿದೆ :)

ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರ್ ಮೇಡಂ ಬಾಯಿಯ ಫೋಟೋ ತೆಗೆದು, ಆಪರೇಷನ್‌ಗೆ ಮುಂಚಿನ ಫೋಟೋ ಪಕ್ಕದಲ್ಲಿಟ್ಟು, ಎರಡರ ಮೇಲೂ ಮೌಸಿನಲ್ಲಿ ಒಂದೊಂದು ಚೌಕ ಎಳೆದರು. ಸಾಫ್ಟ್‌ವೇರು ಒಂದು ನಂಬರ್ ಕೊಡ್ತು. "ನೋಡಿ ಸರ್, ಕಲರ್ ಮ್ಯಾಚ್ ತೊಂಬತ್ತು ಪರ್ಸೆಂಟ್ ಮೇಲಿದೆ, ಎಕ್ಸಲೆಂಟ್ ರಿಸಲ್ಟ್" ಅಂದ್ರು. ನಾನೂ ಖುಷಿಯಾಗಿ ಬಿಲ್ ಕಟ್ಟಿ ಬಂದೆ.

ಮನೆಗೆ ಬಂದು ತುಟಿ ಎಳೆದು ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಒಂದು ಸಲ ನೋಡಿ, "ಅಲ್ವೋ, ಹಳೇ ಅಂಗಿಗೆ ತೇಪೆ ಹಾಕಿದ ಹಾಗಿದೆಯಲ್ಲೋ" ಅಂದಳು.

ಕನ್ನಡಿ ಮುಂದೆ ನಿಂತು ನೋಡಿದೆ. ಅಮ್ಮ ಹೇಳಿದ್ದೇ ಸರಿ. ನನ್ನ ವಸಡು ಕಂದು ಬಣ್ಣದ್ದು, ನಮ್ಮ ಮನೆಯಲ್ಲಿ ಎಲ್ಲರದ್ದೂ ಹಾಗೇ. ಅದರ ನಡುವೆ ತೆಳು ಗುಲಾಬಿಯ ಒಂದು ಚೌಕ, ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಅಂಟಿಸಿದ ಹಾಗೆ ಕೂತಿದೆ. ಹಾಗಾದ್ರೆ ತೊಂಬತ್ತು ಪರ್ಸೆಂಟ್ ಎಲ್ಲಿಂದ ಬಂತು?

ಆ ಎರಡೂ ಫೋಟೋ ಕೇಳಿ ತರಿಸ್ಕೊಂಡೆ. (ಕೇಳಿದ ತಕ್ಷಣ ಕೊಟ್ಟರು, ಅದಕ್ಕೆ ಥ್ಯಾಂಕ್ಸ್.) ದೊಡ್ಡ ಮಾನಿಟರಿನಲ್ಲಿ ಹಾಕಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ವಸಡಲ್ಲ, ಗ್ಲೌಸು. ಎರಡರಲ್ಲೂ ಫ್ರೇಮಿನ ಮೂಲೆಯಲ್ಲಿ ನೀಲಿ ಗ್ಲೌಸ್ ಹಾಕಿದ ಬೆರಳು ಕಾಣುತ್ತೆ. ಮೊದಲಿನದರಲ್ಲಿ ಅದು ಹಸಿರು ಕಡೆ ವಾಲಿದ ನೀಲಿ, ಎರಡನೆಯದರಲ್ಲಿ ನೇರಳೆ ಕಡೆ ವಾಲಿದ ನೀಲಿ. ಹಲ್ಲೂ ಅಷ್ಟೇ, ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಬೆಳ್ಳಗೆ. ಹಲ್ಲು ಕ್ಲೀನಿಂಗ್‌ನಿಂದ ಬೆಳ್ಳಗಾಯ್ತು ಅಂತ ವಾದ ಮಾಡಬಹುದು. ಗ್ಲೌಸಿಗೆ ಯಾರು ಕ್ಲೀನಿಂಗ್ ಮಾಡಿದರು? ಒಂದೇ ಡಬ್ಬದ ಗ್ಲೌಸಿನ ಬಣ್ಣವನ್ನೇ ಎರಡು ಸಲ ಒಂದೇ ರೀತಿ ತೋರಿಸಲಾಗದ ಕ್ಯಾಮೆರಾ, ನನ್ನ ವಸಡಿನ ಬಣ್ಣ ಎಷ್ಟು ಹೊಂದಿದೆ ಅಂತ ಶೇಕಡಾ ಲೆಕ್ಕ ಹೇಳುತ್ತಂತೆ!

ಇದರಲ್ಲಿ ಕ್ಯಾಮೆರಾದ ತಪ್ಪೇನೂ ಇಲ್ಲ. ಅದನ್ನ ಮಾಡಿರೋದು ಫೋಟೋ ಚೆಂದ ಬರಲಿ ಅಂತ, ಅಳೆಯಲಿ ಅಂತಲ್ಲ. ಸೆನ್ಸರಿನ ಒಂದೊಂದು ಚುಕ್ಕಿ ಅಳೆಯೋದು ಒಂದೇ ಬಣ್ಣವನ್ನ. 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಜೋಡಣೆಯಲ್ಲಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಮಿಕ್ಕಿದ್ದನ್ನ ಅಕ್ಕಪಕ್ಕ ನೋಡಿ ಲೆಕ್ಕ ಹಾಕಿ ತುಂಬಿಸೋದು. ಆಮೇಲೆ ವೈಟ್ ಬ್ಯಾಲೆನ್ಸ್, ಆಮೇಲೆ ಕಾಂಟ್ರಾಸ್ಟ್, ಆಮೇಲೆ ಜೆಪೆಗ್ ಮಾಡೋವಾಗ ಬಣ್ಣದ ವಿವರವನ್ನೇ ಮೊದಲು ಹಿಂಡಿ ಸಣ್ಣದು ಮಾಡೋದು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಳ್ಳ ಆಟೋ ವೈಟ್ ಬ್ಯಾಲೆನ್ಸ್. ಅದರ ತೀರಾ ಸರಳವಾದ ವಿಧಾನ, ಇಡೀ ಚಿತ್ರದ ಸರಾಸರಿ ಬೂದು ಬಣ್ಣಕ್ಕೆ ಹತ್ತಿರ ಇರಬೇಕು ಅಂತ ಊಹಿಸಿಕೊಳ್ಳುತ್ತೆ. ಬಾಯಿಯ ಕ್ಲೋಸಪ್ಪಿನಲ್ಲಿ ತುಟಿ, ಕೆನ್ನೆಯ ಒಳಭಾಗ, ವಸಡು ಎಲ್ಲಾ ಕೆಂಪೇ. 'ಅಯ್ಯೋ, ಲೈಟು ಕೆಂಪಾಗಿದೆ' ಅಂದ್ಕೊಂಡು ಅದು ಕೆಂಪನ್ನ ಇಳಿಸುತ್ತೆ. ನಾವು ಯಾವ ಬಣ್ಣವನ್ನ ಅಳೆಯೋಕೆ ಹೊರಟಿದ್ದೇವೋ, ಅದನ್ನೇ ತಿದ್ದಿ ಕೊಡುತ್ತೆ!

ಬಾಯಿಯದ್ದೂ ಸಹಕಾರ ಇಲ್ಲ ಬಿಡಿ. ಎಂಜಲಿನ ಹೊಳಪು ಬಿದ್ದ ಕಡೆ ಕ್ಯಾಮೆರಾಕ್ಕೆ ಕಾಣೋದು ಫ್ಲ್ಯಾಶು ಮಾತ್ರ. ತುಟಿಯನ್ನ ಕ್ಲಿಪ್ಪಿನಿಂದ ಜೋರಾಗಿ ಎಳೆದರೆ ರಕ್ತ ಸರಿದು ವಸಡು ಬಿಳಿಚಿಕೊಳ್ಳುತ್ತೆ. ಯಾವಾಗ ಫೋಟೋ ತೆಗೆದ್ರಿ ಅನ್ನೋದೂ ಮುಖ್ಯ. ಮೊದಲೆರಡು ದಿನ ಕಸಿ ಬಿಳಿಚಿರುತ್ತೆ, ಹೊಸ ರಕ್ತನಾಳ ಕೂಡಿಕೊಂಡ ಮೇಲೆ ಕೆಂಪೇರುತ್ತೆ, ತನ್ನ ಬಣ್ಣಕ್ಕೆ ಬಂದು ನಿಲ್ಲೋಕೆ ತಿಂಗಳುಗಳೇ ಬೇಕು.

ಇದಕ್ಕೆಲ್ಲಾ ಪರಿಹಾರ ಇಲ್ವಾ? ಇದೆ, ರಾಕೆಟ್ ಸೈನ್ಸೂ ಅಲ್ಲ. ಕ್ಯಾಮೆರಾವನ್ನ ಮ್ಯಾನ್ಯುಯಲ್‌ಗೆ ಹಾಕಿ, ರಾ ಫೈಲ್ ಇಟ್ಕೊಳ್ಳಿ. ಪ್ರತಿ ಸಲವೂ ಅದೇ ಫ್ಲ್ಯಾಶು, ಅದೇ ದೂರ. ಹೊಳಪು ಕಳೆಯೋಕೆ ಫ್ಲ್ಯಾಶಿಗೊಂದು, ಲೆನ್ಸಿಗೊಂದು ಪೋಲರೈಸಿಂಗ್ ಫಿಲ್ಟರು, ಒಂದಕ್ಕೊಂದು ಅಡ್ಡಲಾಗಿ. ಫ್ರೇಮಿನೊಳಗೆ ಬಣ್ಣ ಗೊತ್ತಿರೋ ಒಂದು ಬೂದು ಕಾರ್ಡು. ಇಷ್ಟು ಮಾಡಿದರೆ ಆಮೇಲೆ ಲ್ಯಾಬ್ ಅನ್ನೋ ಬಣ್ಣದ ಅಳತೆಗೆ ಬದಲಾಯಿಸಿ ಡೆಲ್ಟಾ ಇ ಲೆಕ್ಕ ಹಾಕೋದಕ್ಕೆ ಅರ್ಥ ಬರುತ್ತೆ. ಕಾರ್ಡೇ ಇಲ್ಲದೆ ಲೆಕ್ಕ ಹಾಕೋದು, ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯಾ ಅಂತ ನೋಡದೆ ಚಿನ್ನ ತೂಗಿದ ಹಾಗೆ.

ಡೆಲ್ಟಾ ಇ ಬಗ್ಗೆಯೂ ಒಂದು ಮಾತು. 1976ರ ಸೂತ್ರದಲ್ಲಿ ಅದು ಎರಡು ಬಣ್ಣಗಳ ನಡುವಿನ ನೇರ ದೂರ, ಪಿಯುಸಿಯಲ್ಲಿ ಕಲಿತ ಪೈಥಾಗೊರಸ್ ಅಷ್ಟೇ. ಬೆಳಕಿನಲ್ಲಿ 3, ಕೆಂಪಿನಲ್ಲಿ 4 ವ್ಯತ್ಯಾಸ ಇದ್ದರೆ ಡೆಲ್ಟಾ ಇ 5. ಆದರೆ ದೂರಕ್ಕೆ ದಿಕ್ಕಿಲ್ಲ. ಬಿಳಿಚಿಕೊಂಡ ಕಸಿಗೂ 5 ಬರಬಹುದು, ಊದಿಕೊಂಡು ಕೆಂಪಾದ ಕಸಿಗೂ 5 ಬರಬಹುದು. ಒಂದರಲ್ಲಿ ತೇಪೆ, ಇನ್ನೊಂದರಲ್ಲಿ ಉರಿಯೂತ! ಹಾಗಿರುವಾಗ ಮೂರನ್ನೂ ಬೇರೆಬೇರೆ ತೋರಿಸಬೇಕು. ಅದನ್ನೂ ಹಿಂಡಿ ಒಂದು 'ಪರ್ಸೆಂಟ್' ಮಾಡಿದರೆ ಅದು ಅಳತೆಯಲ್ಲ, ಜಾಹೀರಾತು.

ಇನ್ನೂ ಮೂಲಭೂತವಾದ ಪ್ರಶ್ನೆ: ಹೊಂದಾಣಿಕೆ ಯಾವುದರ ಜೊತೆ? ಅವರು ಹೋಲಿಸಿದ್ದು ಇವತ್ತಿನ ಫೋಟೋವನ್ನ ಆರು ತಿಂಗಳ ಹಿಂದಿನ ಫೋಟೋದ ಜೊತೆ. ಅಮ್ಮ ಹೋಲಿಸಿದ್ದು ತೇಪೆಯನ್ನ ಅದರ ಪಕ್ಕದ ವಸಡಿನ ಜೊತೆ, ಒಂದೇ ಬೆಳಕಿನಲ್ಲಿ, ಒಂದೇ ಕ್ಷಣದಲ್ಲಿ. ಯಾರದ್ದು ಒಳ್ಳೆಯ ಪ್ರಯೋಗ ಹೇಳಿ. ಒಂದೇ ಫ್ರೇಮಿನೊಳಗೆ ಅಕ್ಕಪಕ್ಕದ್ದನ್ನ ಹೋಲಿಸಿದರೆ ಬೆಳಕಿನ ಮೋಸ ಪೂರ್ತಿ ಹೋಗದಿದ್ದರೂ ಬಹುಪಾಲು ಎರಡೂ ಕಡೆ ಒಂದೇ ತರಹ ಬೀಳುತ್ತೆ.

"ಯಾರಪ್ಪಾ ನಿನ್ನ ತುಟಿ ಎಳೆದು ವಸಡು ನೋಡ್ತಾರೆ?" ಅಂತ ನಮ್ಮ ಟೀಮಿನ ಗೆಳೆಯ ನಕ್ಕ. ಡಾಕ್ಟರುಗಳ ಅಂಕಪಟ್ಟಿಯೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತೆ. 2009ರಲ್ಲಿ ಕೈರೋ ಮತ್ತು ಸಂಗಡಿಗರು ತಂದ, ಬೇರು ಮುಚ್ಚಿದ ಮೇಲಿನ ಅಂದವನ್ನ ಅಳೆಯೋ ಪಟ್ಟಿಯಲ್ಲಿ ಒಟ್ಟು 10 ಅಂಕ. ಬೇರು ಪೂರ್ತಿ ಮುಚ್ಚಿದ್ದಕ್ಕೆ 6, ಬಣ್ಣಕ್ಕೆ ಬರೀ 1, ಅದೂ ಕಣ್ಣಂದಾಜಿನಲ್ಲಿ. ನನಗೆ ಅದರ ಬಗ್ಗೆ ಬೇಜಾರಿಲ್ಲ. ಬೇರು ಮುಚ್ಚೋದೇ ಮುಖ್ಯ ಅಂತ ನಾನೂ ಒಪ್ತೀನಿ. ಕಣ್ಣಂದಾಜನ್ನ ಕಣ್ಣಂದಾಜು ಅಂತ ಕರೆದರೆ ಸಾಕು. ಅದಕ್ಕೆ ಸಾಫ್ಟ್‌ವೇರಿನ ವೇಷ ಹಾಕಿಸಿದಾಗ ನನ್ನಂಥ ಸಾಫ್ಟ್‌ವೇರ್ ಕೂಲಿಗೇ ನಾಚಿಕೆ ಆಗುತ್ತೆ.

ತೇಪೆ ಹೀಗೆ ಕಾಣುತ್ತೆ ಅನ್ನೋದು ಹೊಸ ಸುದ್ದಿಯೂ ಅಲ್ಲ. ಮೇಲಿನ ಪದರ ಹೇಗಿರಬೇಕು ಅಂತ ಅದರ ಕೆಳಗಿನ ಅಂಗಾಂಶ ನಿರ್ಧರಿಸುತ್ತೆ ಅನ್ನೋದು 1970ರ ದಶಕದ ಪ್ರಯೋಗಗಳಲ್ಲೇ ಗೊತ್ತಾಗಿತ್ತು. ಅಂಗುಳಿನ ಚೂರು ಎಲ್ಲಿಗೆ ಹೋದರೂ ಬಹುಮಟ್ಟಿಗೆ ಅಂಗುಳಾಗಿಯೇ ಉಳಿಯುತ್ತೆ. ಅದಕ್ಕೇ 1985ರಿಂದ ಈಚೆಗೆ ಒಳಪದರ ಮಾತ್ರ ತೆಗೆದು, ಅದರ ಮೇಲೆ ಅಲ್ಲಿನದೇ ವಸಡನ್ನ ಹೊದಿಸೋ ವಿಧಾನ ಹೆಸರು ಮಾಡಿತು, ಬಣ್ಣ ಅದರಲ್ಲಿ ಚೆನ್ನಾಗಿ ಹೊಂದುತ್ತೆ. ನನ್ನ ಹಲ್ಲಿಗೆ ಗಟ್ಟಿ ವಸಡು ಬೇಕಿತ್ತು, ಹಾಗಾಗಿ ಹಳೇ ವಿಧಾನ. ಸರಿ. ಆದರೆ 'ನಿಮ್ಮದು ಕಂದು ವಸಡು, ತೇಪೆ ಎದ್ದು ಕಾಣುತ್ತೆ' ಅಂತ ಮೊದಲೇ ಒಂದು ಮಾತು ಹೇಳಬಹುದಿತ್ತಲ್ವಾ?

ಯಾಕೆ ಹೇಳಲಿಲ್ಲ ಅಂತ ಯೋಚಿಸಿದೆ. ಆರೋಗ್ಯದ ವಸಡು ಅಂದ್ರೆ 'ಕೋರಲ್ ಪಿಂಕ್' ಅಂತ ಓದಿಕೊಂಡೇ ಎಲ್ಲರೂ ಡಾಕ್ಟರ್ ಆಗೋದು. ಕಂದು ಬಣ್ಣ ಬರೀ ಮೆಲನಿನ್, ರೋಗ ಅಲ್ಲ ಅಂತ ಅದೇ ಪುಸ್ತಕಗಳಲ್ಲಿ ಇದೆ. 1964ರಷ್ಟು ಹಿಂದೆಯೇ ಡಮ್ಮೆಟ್ ಮತ್ತು ಗುಪ್ತ ಅದನ್ನ ಅಳೆಯೋಕೆ ಒಂದು ಸೂಚ್ಯಂಕವನ್ನೂ ಮಾಡಿದ್ದರು. ಆದರೂ ಗುಲಾಬಿಯೇ ಮಾದರಿ. ಕೊಡಾಕ್ ಕಂಪನಿ ಫಿಲಂ ಪ್ರಿಂಟಿನ ಬಣ್ಣ ಹೊಂದಿಸೋಕೆ 'ಶರ್ಲಿ ಕಾರ್ಡ್' ಅಂತ ಬಿಳಿ ಹೆಂಗಸರ ಫೋಟೋವನ್ನೇ ದಶಕಗಟ್ಟಲೆ ಅಳತೆಗೋಲು ಮಾಡಿಕೊಂಡಿತ್ತು. ಅದೇ ರೋಗ ಇಲ್ಲೂ ಇದೆ.

ಇಷ್ಟು ಉರಿ ಯಾಕೆ ಅಂದ್ರೆ, ಅವತ್ತು ನಾನು 'ಅಕ್ಕಪಕ್ಕ ಸ್ವಲ್ಪ ಬೇರೆ ಬಣ್ಣ ಅನ್ನಿಸುತ್ತೆ ಮೇಡಂ' ಅಂದಾಗ ಸಿಕ್ಕ ಉತ್ತರ ಇದು: "ಅದು ಸುಲಭ ಸರ್, ಸುತ್ತಲಿನದಕ್ಕೆ ಲೇಸರ್ ಮಾಡಿದರೆ ಎಲ್ಲಾ ಪಿಂಕ್ ಆಗುತ್ತೆ." ತೇಪೆ ಹೊಂದಲಿಲ್ಲ ಅಂತ ಇಡೀ ಅಂಗಿಗೆ ಬಣ್ಣ ಹಾಕಿಸೋ ಸಲಹೆ! ಹುಟ್ಟಿದಾಗಿನಿಂದ ಜೊತೆಗಿರೋ ಆರೋಗ್ಯವಾದ ವಸಡನ್ನ, ಒಂದು ಚೌಕಕ್ಕೆ ಹೊಂದಿಸೋಕೆ ಸುಡಬೇಕಂತೆ. ಆ ಬಣ್ಣ ಎಷ್ಟೋ ಜನರಿಗೆ ವಾಪಸ್ ಬರುತ್ತೆ, ಅದನ್ನೂ ಹೇಳಲಿಲ್ಲ. ಮಾಡಿಸಿಕೊಂಡಿದ್ದರೆ ಕ್ಯಾಮೆರಾ ನೂರಕ್ಕೆ ನೂರು ಕೊಡ್ತಿತ್ತೇನೋ.

ಬೇಡ ಅಂದೆ. ಮುಂದಿನ ಚೆಕಪ್ ಎರಡು ತಿಂಗಳ ಮೇಲಿದೆ. ಎಸ್.ಪಿ. ರೋಡಿನಲ್ಲಿ ಹುಡುಕಿ ಸಿಗದೆ, ಕೊನೆಗೆ ಆನ್‌ಲೈನ್‌ನಲ್ಲಿ ಒಂದು ಬೂದು ಕಾರ್ಡ್ ತರಿಸಿದ್ದೀನಿ. ಬಾಯೊಳಗೆ ಹಿಡಿಯುವಷ್ಟು ಚಿಕ್ಕದಾಗಿ ಕತ್ತರಿಸಿ, ಸ್ಪಿರಿಟ್‌ನಲ್ಲಿ ಒರೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದೀನಿ. ಫೋಟೋ ತೆಗೆಯೋವಾಗ ಇದನ್ನೂ ಪಕ್ಕದಲ್ಲಿ ಹಿಡೀರಿ ಮೇಡಂ ಅಂತ ಕೇಳೋದು. ಹಿಡಿಯಲ್ಲ ಅಂದ್ರೆ ಅಮ್ಮನ್ನ ಕರ್ಕೊಂಡು ಹೋಗೋದು.