ಹೌದಪ್ಪನ ಚಾವಡಿಯೂ ಹೆಸರಿನ ಮತವೂ

ಬಹುಕಾಲ ಪಾಠ ಹೇಳಿ ಜೀವಿಸಿದವನು ನಾನು. ಪಾಠ ಮುಗಿಸಿ “ಅರ್ಥವಾಯಿತೆ?” ಎಂದು ಕೇಳಿದರೆ ಇಡೀ ತರಗತಿ ಒಂದೇ ಕೊರಳಿನಿಂದ “ಆಯಿತು ಸಾರ್” ಎನ್ನುತ್ತದೆ. ಆ ಘೋಷದಲ್ಲಿ ಅರ್ಥವಾದವನ ದನಿಯೂ ಉಂಟು, ಆಗದವನ ದನಿಯೂ ಉಂಟು. ಕಿಟಕಿಯಾಚೆ ನೋಡುತ್ತಿದ್ದವನ ದನಿ ಎಲ್ಲಕ್ಕಿಂತ ದೊಡ್ಡದು. ಹಾಜರಿ ಪುಸ್ತಕ ತೆರೆದು, ಒಬ್ಬನ ಹೆಸರು ಹಿಡಿದು, “ನೀನು ಹೇಳಪ್ಪ” ಎಂದೊಡನೆ ಸ್ಥಿತಿಯೇ ಬೇರೆ. ಅವನು ಎದ್ದು ನಿಲ್ಲಬೇಕು. ತಿಳಿದಿದ್ದರೆ ತಿಳಿದಿದೆಯೆಂದೂ ಇಲ್ಲದಿದ್ದರೆ ಇಲ್ಲವೆಂದೂ ಒಪ್ಪಿಕೊಳ್ಳಬೇಕು. ಗುಂಪಿನಲ್ಲಿ ಗೋವಿಂದ ಎನ್ನುವ ಸೌಕರ್ಯ ಹೆಸರು ಹಿಡಿದು ಕರೆಸಿಕೊಂಡವನಿಗೆ ಇರುವುದಿಲ್ಲ.

ಶಾಸನಸಭೆಗಳು ಮತ ನೀಡುವ ಕ್ರಮವನ್ನು ಕುರಿತು ಓದುವಾಗಲೆಲ್ಲ ನನಗೆ ಈ ತರಗತಿಯೇ ನೆನಪಿಗೆ ಬರುತ್ತದೆ. ಮತದ ಎಣಿಕೆ ಒಣ ವಿಷಯವೆಂದು ವಾಚಕರಲ್ಲಿ ಹಲವರು ಭಾವಿಸಬಹುದು. ಅದು ಒಣ ವಿಷಯವಲ್ಲವೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಎರಡು ರಾಜ್ಯಗಳ ಕಥೆಯೇ ಸಾಕ್ಷಿ.

ಮೊದಲು ಅಲ್ಲಿಯ ಕ್ರಮವನ್ನು ಅರಿಯಬೇಕು. ಟೆನೆಸೀ ರಾಜ್ಯದ ಸೆನೆಟ್ಟಿನಲ್ಲಿ 33 ಸ್ಥಾನಗಳು. ಯಾವುದೇ ಮಸೂದೆ ಪ್ರತಿಯೊಂದು ಸಭೆಯಲ್ಲಿಯೂ ಮೂರು ಬೇರೆ ಬೇರೆ ದಿನ ಪರ್ಯಾಲೋಚನೆಗೆ ಬಂದು ಅಂಗೀಕಾರವಾಗಬೇಕು. ಕೊನೆಯ ಸಲ ಅದಕ್ಕೆ ಬೇಕಾದುದು ಹಾಜರಿದ್ದವರ ಬಹುಮತವಲ್ಲ, ಒಟ್ಟು ಸ್ಥಾನಗಳ ಬಹುಮತ. ಎಂದರೆ 17 ಮತಗಳು ಬಿದ್ದೇ ತೀರಬೇಕು. ಇದರ ಸ್ವಾರಸ್ಯವನ್ನು ಗಮನಿಸಿರಿ. ಆ ದಿನ ಮನೆಯಲ್ಲಿ ಕುಳಿತವನೂ, ಸಭೆಯಲ್ಲಿದ್ದು ಬಾಯಿ ತೆರೆಯದವನೂ ಫಲದಲ್ಲಿ ‘ಬೇಡ’ ಎಂದವರೇ ಆಗುತ್ತಾರೆ. ಮೌನಕ್ಕೂ ಅಲ್ಲಿ ಬೆಲೆಯುಂಟು. ಸಾಮಾನ್ಯ ಸ್ವರೂಪದ ಮಸೂದೆಗಳ ಅಂತಿಮ ಮತವನ್ನು ಹೌದು–ಅಲ್ಲಗಳೊಡನೆ ಕಲಾಪದ ಪುಸ್ತಕದಲ್ಲಿ ದಾಖಲಿಸಬೇಕೆಂದು ರಾಜ್ಯದ ಸಂವಿಧಾನವೇ ವಿಧಿಸಿದೆ.

ರಾಜ್ಯದ ಸಂವಿಧಾನವನ್ನೇ ತಿದ್ದಬೇಕಾದರೆ ಏಣಿಯ ಮೆಟ್ಟಿಲು ಇನ್ನೂ ಹೆಚ್ಚು. ಒಂದು ಶಾಸನಸಭೆ ಪೂರ್ಣ ಬಹುಮತದಿಂದ ಒಪ್ಪಬೇಕು. ನಡುವೆ ಚುನಾವಣೆ ನಡೆದು ಮುಂದಿನ ಶಾಸನಸಭೆ ಮೂರರಲ್ಲಿ ಎರಡು ಪಾಲಿನಿಂದ ಒಪ್ಪಬೇಕು, ಸೆನೆಟ್ಟಿನಲ್ಲಿ ಎಂದರೆ 22 ಮತ. ಕಡೆಗೆ ಮತದಾರರು ಒಪ್ಪಬೇಕು. ಸಾಮಾನ್ಯ ಕಾನೂನು ಮನೆಯ ಬಾಗಿಲಿನಂತೆ, ಸಂವಿಧಾನ ಅಡಿಗಲ್ಲಿನಂತೆ. ಬಾಗಿಲನ್ನು ಬದಲಿಸಲು ಒಬ್ಬ ಬಡಗಿ ಸಾಕು; ಅಡಿಗಲ್ಲನ್ನು ಅಲುಗಿಸುವವನು ಮನೆಮಂದಿಯನ್ನೆಲ್ಲ ಕೇಳಬೇಕಾಗುತ್ತದೆ.

ಇನ್ನು ಇಡೀ ದೇಶದ ಸಂವಿಧಾನಕ್ಕೆ ತಿದ್ದುಪಡಿಯಾಗಬೇಕಾದರೆ ರಾಜ್ಯಗಳ ಪೈಕಿ ನಾಲ್ಕರಲ್ಲಿ ಮೂರು ಪಾಲಿನ ಅನುಮೋದನೆ ಬೇಕು. ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಡುವ ಹತ್ತೊಂಬತ್ತನೆಯ ತಿದ್ದುಪಡಿಯನ್ನು ಕಾಂಗ್ರೆಸ್ಸು 1919ರಲ್ಲಿ ರಾಜ್ಯಗಳ ಮುಂದಿಟ್ಟಿತು. ಆಗ ಇದ್ದ ರಾಜ್ಯಗಳು 48; ಬೇಕಾದುವು 36. ಒಂದೊಂದು ರಾಜ್ಯದ ಒಂದೊಂದು ಸಭೆಯ ಎಣಿಕೆಗೂ ದೇಶವೇ ಕಿವಿಗೊಟ್ಟಿತು.

1920ರ ಮಾರ್ಚಿಯಲ್ಲಿ ವೆಸ್ಟ್ ವರ್ಜೀನಿಯದ ಸರದಿ ಬಂದಿತು. ಕೆಳಸಭೆ 47–40ರಿಂದ ಒಪ್ಪಿತು. ಸೆನೆಟ್ಟಿನಲ್ಲಿಯಾದರೋ ಹದಿನಾಲ್ಕಕ್ಕೆ ಹದಿನಾಲ್ಕು, ತಕ್ಕಡಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಜೆಸ್ಸಿ ಬ್ಲಾಕ್ ಎಂಬ ಸೆನೆಟರು ಮಾತ್ರ ಖಂಡದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯದಲ್ಲಿ, ವಿಶ್ರಾಂತಿಗಾಗಿ ತಂಗಿದ್ದರು. ಸುದ್ದಿ ಮುಟ್ಟಿದೊಡನೆ ಅವರು ರೈಲು ಹತ್ತಿದರು. ಅವರು ಬರುವ ತನಕ ಅಧಿವೇಶನ ಮುಗಿದುಹೋಗದಂತೆ ತಿದ್ದುಪಡಿಯ ಪಕ್ಷದವರು ಹಿಡಿದು ನಿಲ್ಲಿಸಿಕೊಂಡರು. ಬ್ಲಾಕ್ ಬಂದರು, ತೊಡಕು ಬಿಡಿಸಿತು. ಮಾರ್ಚಿ 10ರಂದು ಅಂತಿಮ ಎಣಿಕೆ 16–13 ಆಯಿತು. ಸಭೆಯಲ್ಲಿ ಕೂಗೇ ಪ್ರಮಾಣವಾಗಿದ್ದರೆ ಅಷ್ಟು ದೂರದಿಂದ ಒಬ್ಬ ಮನುಷ್ಯ ಓಡಿಬರಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಒಬ್ಬನೆಂಬುದು ಒಂದು ಎಂದು ಎಣಿಸುವ ಸಭೆಯಲ್ಲಿ ಮಾತ್ರ ಒಬ್ಬನಿಗೆ ಆ ಗೌರವ ಸಲ್ಲುತ್ತದೆ.

ಕಡೆಯ ಒಂದು ರಾಜ್ಯ ಉಳಿದಿತ್ತು. ಆಗಸ್ಟ್ 13ರಂದು ಟೆನೆಸೀ ಸೆನೆಟ್ಟು 25–4ರಿಂದ ನಿರಾಯಾಸವಾಗಿ ಒಪ್ಪಿತು. ಬಿಕ್ಕಟ್ಟು ಕೆಳಸಭೆಯಲ್ಲಿ. 18ರಂದು ಪ್ರಸ್ತಾವವನ್ನು ಬದಿಗಿಡುವ ಸೂಚನೆಗೆ 48–48, ಎರಡು ಸಲವೂ ಸಮಸಮ. ಬಳಿಕ ಮೂಲಪ್ರಸ್ತಾವದ ಮೇಲೆಯೇ ಹೆಸರು ಕೂಗಲಾಯಿತು. ಇಪ್ಪತ್ತನಾಲ್ಕು ವರ್ಷದ ಹ್ಯಾರಿ ಬರ್ನ್ ಆ ಸಭೆಯ ಅತಿ ಕಿರಿಯ ಸದಸ್ಯ. ಅವನ ಅಂಗಿಯ ಮೇಲೆ ವಿರೋಧಪಕ್ಷದ ಗುರುತಾದ ಕೆಂಪು ಗುಲಾಬಿಯಿತ್ತು. ಜೇಬಿನಲ್ಲಿ ಹಕ್ಕಿನ ಪರವಾಗಿ ಮತ ಕೊಡೆಂದು ಅವನ ತಾಯಿ ಬರೆದ ಕಾಗದವಿತ್ತು. ತನ್ನ ಹೆಸರು ಬಂದಾಗ ಅವನು ‘ಹೌದು’ ಎಂದನು. ಫಲ 49–47. ಸೋತ ಪಕ್ಷದ ಮುಂದಾಳಾಗಿದ್ದ ಸಭಾಧ್ಯಕ್ಷ ಸೇತ್ ವಾಕರ್, ಮರುಪರಿಶೀಲನೆಯ ಸೂಚನೆ ತರುವ ಹಕ್ಕು ಗೆದ್ದ ಪಕ್ಷದವರಿಗೆ ಮಾತ್ರ ಇದ್ದುದರಿಂದ, ತನ್ನ ಮತವನ್ನು ‘ಹೌದು’ ಎಂದು ಬದಲಿಸಿದನು. ಅವನ ಉಪಾಯವೇ ಎಣಿಕೆಯನ್ನು 50ಕ್ಕೆ, ಎಂದರೆ 99 ಸ್ಥಾನಗಳ ಪೂರ್ಣ ಬಹುಮತಕ್ಕೆ, ಮುಟ್ಟಿಸಿತು! ಮರುಪರಿಶೀಲನೆ ಫಲಿಸಲಿಲ್ಲ. ಆಗಸ್ಟ್ 26ರಂದು ತಿದ್ದುಪಡಿ ಸಂವಿಧಾನದ ಅಂಗವಾಯಿತು.

ಬರ್ನ್ ಆ ಕ್ಷಣದಲ್ಲಿ ಹಾಗೆ ಹೇಳಿದ್ದು ಏಕೆ? ತಾಯಿಯ ಕಾಗದ ನಿಜವಾದ ಕಾರಣ. ಅವನೇ ಅದನ್ನು ಮರುದಿನ ಸಭೆಯಲ್ಲಿ ವಿವರಿಸಿದನು. ಆದರೆ ಆ ಕಾಗದ ಕೆಲಸಮಾಡಲು ಒಂದು ನಿಮಿಷದ ಏಕಾಂತ ಬೇಕಾಗಿತ್ತು. ಗುಂಪಿನ ಕೂಗಿನಲ್ಲಿ ಅದು ಸಿಕ್ಕುವುದಿಲ್ಲ. ನೂರು ಜನರ ನಡುವೆ ತನ್ನೊಬ್ಬನ ಹೆಸರು ಕೇಳಿಬಂದಾಗ ಮಾತ್ರ ಸಿಕ್ಕುತ್ತದೆ.

ನಮ್ಮ ಕಡೆಗೆ ಕಣ್ಣು ತಿರುಗಿಸೋಣ. ನಮ್ಮ ವಿಧಾನಪರಿಷತ್ತು ಹೆಸರಿನಲ್ಲಿ ಅವರ ಸೆನೆಟ್ಟಿನಂತೆ ಮೇಲ್ಮನೆಯೇ ಆದರೂ ಅಧಿಕಾರದಲ್ಲಿ ಅಲ್ಲ. ಸಾಮಾನ್ಯ ಮಸೂದೆಯನ್ನು ಅದು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಲ್ಲುದು, ಅಷ್ಟೆ. ಆದರೆ ನನ್ನ ಕೊರಗು ಅಧಿಕಾರವನ್ನು ಕುರಿತುದಲ್ಲ, ರೀತಿಯನ್ನು ಕುರಿತುದು. ನಮ್ಮ ಸಭೆಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಹೌದೆಂಬವರು ಒಟ್ಟಿಗೆ ‘ಹೌದು’ ಎನ್ನುತ್ತಾರೆ, ಅಲ್ಲವೆಂಬವರ ದನಿ ಮುಳುಗುತ್ತದೆ, ಕಾನೂನು ಹುಟ್ಟುತ್ತದೆ. ಯಾರು ಹೌದೆಂದರು, ಯಾರು ಅಲ್ಲವೆಂದರು, ಯಾರು ಬಂದೇ ಇರಲಿಲ್ಲ ಎಂಬುದಕ್ಕೆ ಲಿಖಿತವಾದ ಗುರುತು ಉಳಿಯುವುದಿಲ್ಲ. ಹಿರಿಯರು ‘ಹೌದಪ್ಪನ ಚಾವಡಿ’ ಎಂದದ್ದು ಇಂಥದನ್ನೇ ಅಲ್ಲವೆ?

ಇದಕ್ಕೆ ಎರಡು ಆಕ್ಷೇಪಗಳುಂಟು. ಹೆಸರು ಕೂಗಿದರೆ ಕಾಲ ವ್ಯಯವಾಗುತ್ತದೆಂಬುದು ಒಂದು. ಕ್ಯಾಲಿಫೋರ್ನಿಯದ ಸೆನೆಟ್ಟು ಯಂತ್ರಗಳ ಈ ಯುಗದಲ್ಲಿಯೂ ತನ್ನ ನಲವತ್ತು ಸದಸ್ಯರ ಹೆಸರನ್ನು ಬಾಯಲ್ಲಿಯೇ ಕೂಗಿಸುತ್ತದೆ. ನಮ್ಮ ಪರಿಷತ್ತಿನವರು 75 ಜನ. ಅವರ ಹೆಸರುಗಳನ್ನು ಓದಲು ಎಷ್ಟು ಹೊತ್ತು ಬೇಕೆಂಬುದನ್ನು ಹಾಜರಿ ಕೂಗಿದ ಯಾವ ಉಪಾಧ್ಯಾಯನಾದರೂ ಹೇಳಬಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದುದು. 1985ರ ಪಕ್ಷಾಂತರ ನಿಷೇಧದ ಶಾಸನ ಬಂದ ಮೇಲೆ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಕೊಟ್ಟವನು, ಮತ ಕೊಡದೆ ಉಳಿದವನು ಸಹ, ಸ್ಥಾನ ಕಳೆದುಕೊಳ್ಳುವ ಭಯವುಂಟು. ಹಾಗಿರುವಾಗ ಹೆಸರು ಕೂಗಿ ಫಲವೇನು, ಬರ್ನನಂಥವನು ಇಲ್ಲಿ ಹುಟ್ಟಲಾರನಲ್ಲ, ಎನ್ನುತ್ತಾರೆ. ಮಾತು ನಿಜ. ಮತವನ್ನು ಮಾರಿಕೊಳ್ಳುವವರನ್ನು ತಡೆಯಲು ಬಂದ ಶಾಸನ ಮನಸ್ಸನ್ನು ಬದಲಿಸಿಕೊಳ್ಳುವವನನ್ನೂ ಕಟ್ಟಿಹಾಕಿತು. ಸರ್ಕಾರದ ಅಳಿವು ಉಳಿವಿಗೆ ಸಂಬಂಧಿಸದ ಮಸೂದೆಗಳಲ್ಲಿಯಾದರೂ ಆ ಕಟ್ಟನ್ನು ಸಡಿಲಿಸಬೇಕೆಂದು ನನ್ನ ಮತ. ಅದು ಸಡಿಲುವ ತನಕವೂ ಹೆಸರಿನ ದಾಖಲೆ ವ್ಯರ್ಥವಲ್ಲ. ಆಜ್ಞೆಗೆ ಮಣಿದವನು ಮಣಿದೆನೆಂದು ಊರಿಗೆ ಹೋಗಿ ಹೇಳಬೇಕಾಗುತ್ತದೆ. ಬಾರದಿದ್ದವನು ಎಲ್ಲಿದ್ದನೆಂದು ಉತ್ತರ ಕೊಡಬೇಕಾಗುತ್ತದೆ.

ಆದುದರಿಂದ ನಾನು ಬೇಡುವುದು ದೊಡ್ಡದೇನಲ್ಲ. ಪ್ರತಿಯೊಂದು ಮಸೂದೆಯ ಕೊನೆಯ ಓದಿಗೆ ಹೆಸರು ಹಿಡಿದು ಮತ ಕೇಳಲಿ. ಆ ಪಟ್ಟಿ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗಲಿ. ನಮ್ಮ ತಾಲ್ಲೂಕಿನ ಮತದಾರ ಅದರಲ್ಲಿ ಬೆರಳಿಟ್ಟು, ತಾನು ಕಳುಹಿಸಿದವನ ಹೆಸರಿನ ಮುಂದೆ ಏನಿದೆಯೆಂದು ಓದಲಿ. ತರಗತಿಯೆಲ್ಲ “ಆಯಿತು ಸಾರ್” ಎಂದಾಗ ನನಗೆ ಎಂದೂ ಸಮಾಧಾನವಾದದ್ದಿಲ್ಲ. ಒಬ್ಬ ಹುಡುಗ ಎದ್ದು ನಿಂತು “ನನಗೆ ಆಗಲಿಲ್ಲ” ಎಂದಾಗಲೇ ಪಾಠ ಮುಂದೆ ಸಾಗುತ್ತಿತ್ತು.