ಕೋವಿ ಕೆಟ್ಟರೆ ಸಿಪಾಯಿಯ ತಪ್ಪೇ?

ಯಂತ್ರ ಕೆಟ್ಟಾಗ ಮೊದಲು ಬೈಗುಳ ತಿನ್ನುವವನು ಯಾರು? ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ಇದರ ಉತ್ತರವನ್ನು ನಾವು ಹೇಳಿಕೊಡಬೇಕಾಗಿಲ್ಲ. ಕಳಪೆ ನೂಲು ಕೊಂಡವನು ಒಬ್ಬ. ಎಳೆ ಹರಿದು ಮಗ್ಗ ನಿಂತಾಗ ದಂಡ ತೆರುವವನು ಇನ್ನೊಬ್ಬ. ಗಿರಣಿಯಲ್ಲಿ ಈ ಅನ್ಯಾಯದಿಂದ ಹೋಗುವುದು ಕೂಲಿ. ರಣರಂಗದಲ್ಲಿ ಹೋಗುವುದು ಪ್ರಾಣ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸಿಪಾಯಿಗಳಿಗೆ ಆದದ್ದು ಇದೇ. ಆ ಯುದ್ಧವನ್ನು ನಾವು ಸಮರ್ಥಿಸುವವರಲ್ಲ. ಆದರೆ ಅದನ್ನು ಹೂಡಿದವರು ಆ ಸಿಪಾಯಿಗಳಲ್ಲ. ಅವರಲ್ಲಿ ಬಹುಮಂದಿ ಕೂಲಿಕಾರರ, ರೈತರ ಮಕ್ಕಳು. ಅವರ ಕೈಗೆ ಎಂ-16 ಎಂಬ ಹೊಸ ರೈಫಲನ್ನು ಕೊಡಲಾಯಿತು. ಯೂಜೀನ್ ಸ್ಟೋನರ್ ಎಂಬ ಕುಶಲಿಗನು ರೂಪಿಸಿದ್ದ ಈ ಕೋವಿ ಹಗುರ; ಹಳೆಯದಕ್ಕಿಂತ ಹೆಚ್ಚು ತೋಟಾಗಳನ್ನು ಹೊತ್ತೊಯ್ಯಲು ಅನುಕೂಲ. ಕೋವಿಯ ರಚನೆಯಲ್ಲಿ ದೊಡ್ಡ ದೋಷವಿರಲಿಲ್ಲ. ದೋಷ ಬಂದದ್ದು ಮೇಜಿನ ಹಿಂದೆ ಕುಳಿತವರ ತೀರ್ಮಾನಗಳಿಂದ.

ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದು ಪಾಲು ಸಣ್ಣ ಕೊಳವೆಯ ಮೂಲಕ ಹಿಂದಕ್ಕೆ ಬಂದು, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತುಂಬುವ ಕೆಲಸಕ್ಕೆ ಬಲ ಕೊಡುತ್ತದೆ. ಆದ್ದರಿಂದ ಯಾವ ಮದ್ದು ಹಾಕುತ್ತೇವೆಂಬುದು ಈ ಕೋವಿಗೆ ಬಹು ಮುಖ್ಯ. ಸ್ಟೋನರನ ಕೋವಿ ಒಂದು ಬಗೆಯ ಮದ್ದಿಗೆ ಹೊಂದಿಕೊಂಡಿತ್ತು. 1964ರಲ್ಲಿ ಸೇನೆಯ ಅಧಿಕಾರಿಗಳು ಬೇರೆ ಬಗೆಯ ಮದ್ದಿಗೆ ಒಪ್ಪಿಗೆಯಿತ್ತರು. ಇದರಿಂದ ಕೋವಿಯ ವೇಗ ಮಿತಿಮೀರಿತು, ಒಳಗೆ ಮಸಿ ಹೆಚ್ಚಿತು. ಇದರ ಹಿಂದಿನ ಎಂ-14 ಕೋವಿಯ ನಳಿಗೆಯ ಒಳಮೈಗೆ ಕ್ರೋಮಿಯಂ ಲೇಪವಿತ್ತು; ಹೊಸತಕ್ಕೆ ಅದೂ ಇಲ್ಲ. ಮಳೆಗಾಡಿನ ತೇವಕ್ಕೆ ತೋಟಾ ಕೂರುವ ಗೂಡು ತುಕ್ಕು ಹಿಡಿಯಿತು. ಹಾರಿಸಿದ ತೋಟಾದ ಹಿತ್ತಾಳೆ ಕೋಶ ಅಲ್ಲೇ ಕಚ್ಚಿಕೊಂಡಿತು. ಆಗ ಕೋವಿಯ ಬಾಯಿಂದ ಸಲಾಕೆ ತೂರಿಸಿ ಅದನ್ನು ಹೊರಕ್ಕೆ ತಳ್ಳಬೇಕು. ಎದುರಿನಿಂದ ಗುಂಡು ಬರುತ್ತಿರುವಾಗ!

ಆ ಸಲಾಕೆಯಾದರೂ ಎಲ್ಲರ ಬಳಿ ಇತ್ತೇ? ಇರಲಿಲ್ಲ. ಈ ಕೋವಿಗೆ ಹೆಚ್ಚು ಶುಚಿ ಬೇಕಿಲ್ಲವೆಂಬ ಮಾತನ್ನು ಸಿಪಾಯಿಗಳ ತಲೆಗೆ ತುಂಬಲಾಗಿತ್ತು. ಶುಚಿಗೊಳಿಸುವ ಸಾಮಾನು ಸಾಲದೆ ಮನೆಗೆ ಬರೆದು ತರಿಸಿಕೊಂಡವರೂ ಇದ್ದರು.

ಇನ್ನೊಂದು ಸಂಗತಿಯನ್ನು ವ್ಯಾಪಾರಿ ಬಂಧುಗಳು ಗಮನಿಸಬೇಕು. ಹೊಸ ಮದ್ದಿನಲ್ಲಿ ಕೋವಿ ಕಾರ್ಖಾನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟವಾದಾಗ, ತಯಾರಿಸುತ್ತಿದ್ದ ಕೋಲ್ಟ್ ಕಂಪೆನಿಗೆ ಹಳೆಯ ಮದ್ದಿನ ತೋಟಾಗಳಿಂದಲೇ ಪರೀಕ್ಷೆ ನಡೆಸಲು ಸೇನೆ ಅನುಮತಿ ಕೊಟ್ಟಿತು. ಪರೀಕ್ಷೆಗೆ ಒಂದು ಮದ್ದು, ರಣರಂಗಕ್ಕೆ ಇನ್ನೊಂದು! ಮಾದರಿ ತೋರಿಸಿದ ಅಕ್ಕಿಯೇ ಬೇರೆ, ಮೂಟೆಯಲ್ಲಿ ಬಂದ ಅಕ್ಕಿಯೇ ಬೇರೆ ಎಂದಾದರೆ ನಮ್ಮ ಸಂತೆಯಲ್ಲಿ ಅದಕ್ಕೆ ಏನೆನ್ನುತ್ತಾರೆ?

1967ರ ವಸಂತದಲ್ಲಿ ಖೆ ಸಾನ್ ಬಳಿಯ ಗುಡ್ಡಗಳಲ್ಲಿ ಘೋರ ಕಾಳಗ ನಡೆಯಿತು. ಬಿಚ್ಚಿದ ಕೋವಿಯ ಪಕ್ಕದಲ್ಲೇ ಸತ್ತು ಬಿದ್ದಿದ್ದ ಗೆಳೆಯರನ್ನು ಕಂಡುದಾಗಿ ಅಲ್ಲಿಂದ ಬದುಕಿ ಬಂದವರು ಹೇಳಿದರು. ಸಿಪಾಯಿಗಳ ಕಾಗದಗಳು ಮನೆಗೆ ಮುಟ್ಟಿದವು. ಅಲ್ಲಿಂದ ಪತ್ರಿಕೆಗಳಿಗೆ, ಶಾಸನ ಸಭೆಗೆ ಹೋದವು. ಅಧಿಕಾರಿಗಳ ಉತ್ತರವೇನು? ಸಿಪಾಯಿಗಳು ಕೋವಿಯನ್ನು ಶುಚಿಯಾಗಿಡುವುದಿಲ್ಲ, ಅಷ್ಟೆ!

ಕೊನೆಗೆ ಇಕಾರ್ಡ್ ಎಂಬ ಸದಸ್ಯರ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ನಡೆಸಿ, 1967ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಮದ್ದಿನ ದೋಷ ತಿಳಿದೂ ಸರಿಪಡಿಸದ ಅಧಿಕಾರಿಗಳ ಅಲಕ್ಷ್ಯವು ಅಪರಾಧದ ಅಂಚಿಗೆ ಮುಟ್ಟಿತ್ತೆಂದು ಅದು ಸಾರಿತು. ಗೂಡಿಗೆ ಲೇಪ ಬಂತು, ವೇಗ ತಗ್ಗಿಸುವ ಭಾಗ ಬಂತು, ಸಲಾಕೆ ಬಂತು, ತರಬೇತಿ ಬಂತು. ಅದೇ ಕೋವಿ ಮುಂದೆ ದಶಕಗಳ ಕಾಲ ದುಡಿಯಿತು. ಸಿಪಾಯಿಯ ದೂರು ನಿಜವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದೆಲ್ಲ ಲಾಭಕೋರ ಕಂಪೆನಿಗಳ ನಾಡಿನ ಮಾತು, ನಮಗೇಕೆ ಎಂದು ಕೆಲವರು ಹೇಳಬಹುದು. ಹಾಗೆ ಹೇಳಿ ಪಾರಾಗಲು ನಾವು ಸಿದ್ಧರಿಲ್ಲ. ನಮ್ಮ ಇನ್ಸಾಸ್ ರೈಫಲು ಸರ್ಕಾರದ್ದೇ ಸಂಸ್ಥೆ ರೂಪಿಸಿ, ಸರ್ಕಾರದ್ದೇ ಕಾರ್ಖಾನೆಗಳು ಮಾಡಿದ್ದು. 1999ರ ಕಾರ್ಗಿಲ್ ಕಾಳಗದಲ್ಲಿ, ಕೊರೆಯುವ ಚಳಿಗೆ ಅದರ ಪ್ಲಾಸ್ಟಿಕ್ ತೋಟಾ ಪೆಟ್ಟಿಗೆ ಸೀಳುತ್ತದೆ, ಕೋವಿ ನಡುವೆ ಕಚ್ಚಿಕೊಳ್ಳುತ್ತದೆ ಎಂಬ ದೂರುಗಳು ಬಂದವು. 2005ರಲ್ಲಿ ನೇಪಾಳದ ಸೇನೆ, ದೀರ್ಘ ಕಾಳಗದಲ್ಲಿ ಈ ಕೋವಿ ಸರಿಯಾಗಿ ನಡೆಯಲಿಲ್ಲವೆಂದು ಬಹಿರಂಗವಾಗಿ ಹೇಳಿತು. ನಮ್ಮ ಕಡೆಯಿಂದ ಹೋದ ಉತ್ತರ: ಬಳಸಿದವರೇ ಸರಿಯಾಗಿ ಬಳಸಲಿಲ್ಲ! ವಾಷಿಂಗ್ಟನ್ನಿನ ಮಾತೇ ದೆಹಲಿಯಲ್ಲೂ ಕೇಳಿಬಂತು.

ಕಾರ್ಖಾನೆಯ ಬಾಗಿಲಿನ ಮೇಲೆ ಸರ್ಕಾರದ ಹೆಸರು ಬರೆದ ಮಾತ್ರಕ್ಕೆ ಅದು ಜನರದ್ದಾಗುವುದಿಲ್ಲ. ಬಳಸುವವನ ಮಾತು ಮಾಡುವವನಿಗೆ ಮುಟ್ಟಬೇಕು. ಮಾಡುವ ಕಾರ್ಮಿಕನ ಮಾತು ಮೇಲಿನವನಿಗೆ ಮುಟ್ಟಬೇಕು. ಇದು ಇಲ್ಲದ ಕಡೆ ಒಡೆಯ ಸಾಹುಕಾರನಾದರೇನು, ಇಲಾಖೆಯಾದರೇನು?

ಶುಚಿ, ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಎಣ್ಣೆ ಕಾಣದ ಮಗ್ಗವೂ ನಡೆಯದು, ಕೋವಿಯೂ ನಡೆಯದು. ನಾವು ಕೇಳುವುದಿಷ್ಟೆ: ಯಾವ ಮದ್ದು, ಯಾವ ಚಳಿ, ಯಾವ ಕೆಸರಿನಲ್ಲಿ ಸಿಪಾಯಿ ಕಾದಬೇಕೋ ಅದರಲ್ಲೇ ಪರೀಕ್ಷೆ ನಡೆಯಲಿ. ದೂರು ಕೊಟ್ಟ ಸಿಪಾಯಿಗೆ ಶಿಕ್ಷೆಯಾಗದಿರಲಿ. ದೋಷ ತಿಳಿದೂ ಕಡತ ಮುಚ್ಚಿಟ್ಟ ಅಧಿಕಾರಿಯ ಹೆಸರು ಹೊರಬರಲಿ. ಸತ್ತ ಸಿಪಾಯಿಗೆ ಹೂಮಾಲೆ ಹಾಕಲು ಎಲ್ಲ ಮಂತ್ರಿಗಳಿಗೂ ಪುರುಸೊತ್ತುಂಟು. ಬದುಕಿರುವಾಗ ಅವನ ಮಾತು ಕೇಳಲು ಯಾರಿಗೆ ಉಂಟು?